ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡ್

ಬರ್ಲಿನ್ ನಗರದ ವೈದ್ಯರಾದ ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡರು 1931ರಲ್ಲಿ ನಮ್ಮ ದೇಶವನ್ನು ಸಂಚರಿಸಿ, ಜವಾಹರಲಾಲ ನೆಹರೂರವರನ್ನು ಕಂಡು, ನಮ್ಮ ಸ್ವಾತಂತ್ರ್ಯದ ಬೇಡಿಕೆಯು ನ್ಯಾಯವಾದುದೆಂದು ತಮ್ಮ ಪ್ರವಾಸಗ್ರಂಥದಲ್ಲಿ ಸಾರಿದರು. ಇಂತಹ ಮಿತ್ರರ ಚರಿತ್ರವು ಕನ್ನಡಿಗರಿಗೆ ಅಪರಿಚಿತವಾಗಿ ಉಳಿಯಬಾರದು.

ಯೆಹೂದಿ ವೈದ್ಯರೊಬ್ಬರ ಮಗನಾಗಿ ಅವರು 1868ರ ಮೇ 14ರಂದು ಬಾಲ್ಟಿಕ್ ಕಡಲತೀರದ ಕೋಲ್ಬರ್ಗಿನಲ್ಲಿ ಜನಿಸಿದರು. 1871ರ ಜರ್ಮನ್ ದಂಡಸಂಹಿತೆಯ 175ನೆಯ ಕಲಮಿನಂತೆ ಪುರುಷರ ಪರಸ್ಪರ ಕಾಮಸಂಬಂಧವು, ಇಬ್ಬರೂ ಒಪ್ಪಿದ ವಯಸ್ಕರೇ ಆಗಿದ್ದರೂ, ಸೆರೆವಾಸಕ್ಕೆ ಯೋಗ್ಯವಾದ ಅಪರಾಧವಾಗಿತ್ತು. ಗುಟ್ಟನ್ನು ಬಯಲಿಗೆಳೆಯುವೆವೆಂದು ಬೆದರಿಸಿ ಹಣ ಕೀಳುವವರಿಗೆ ಈ ಕಲಮು ಕಾಮಧೇನುವಾಯಿತು. (ಇಂಗ್ಲಿಷರು 1860ರಲ್ಲಿ ನಮ್ಮ ಮೇಲೆ ಹೇರಿದ 377ನೆಯ ಕಲಮೂ ಇದೇ ಜಾತಿಯದು. ಹೇರಿದವರು ಹೊರಟುಹೋದ ಮೇಲೂ, 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಹಲ್ಲು ಕೀಳುವವರೆಗೆ, ನಾವು ಅದನ್ನು ಜೋಪಾನಮಾಡಿದುದು ನಮಗೆ ಭೂಷಣವಲ್ಲ.) ಡಾಕ್ಟರರ ಬಳಿಗೆ ಬರುತ್ತಿದ್ದ ತರುಣ ಸೇನಾಧಿಕಾರಿಯೊಬ್ಬನು ತನ್ನ ವಿವಾಹದ ಮುನ್ನಾದಿನ, ತನ್ನಂತಹವರ ಸಂಕಟವನ್ನು ಲೋಕಕ್ಕೆ ತಿಳಿಸಬೇಕೆಂದು ಅವರಿಗೆ ಪತ್ರ ಬರೆದಿಟ್ಟು, ಗುಂಡು ಹಾರಿಸಿಕೊಂಡು ಸತ್ತನು. ಡಾಕ್ಟರರು ಆ ಮಾತನ್ನು ಕೊನೆಯವರೆಗೂ ನಡೆಸಿದರು.

1897ರಲ್ಲಿ ಕೆಲವು ಮಿತ್ರರೊಡನೆ ಸಮಿತಿಯೊಂದನ್ನು ಸ್ಥಾಪಿಸಿ, ಆ ಕಲಮನ್ನು ತೆಗೆದುಹಾಕಬೇಕೆಂದು ಜರ್ಮನ್ ಪಾರ್ಲಿಮೆಂಟಿಗೆ ಅರ್ಜಿ ಸಲ್ಲಿಸಿದರು. ಸಮಾಜವಾದಿ ಮುಖಂಡ ಬೆಬೆಲರು ಸಭೆಯಲ್ಲಿ ಅದನ್ನು ಎತ್ತಿಹಿಡಿದರು. ಮುಂದೆ ಐನ್‌ಸ್ಟೈನರೂ ರುಜು ಹಾಕಿದರು. 1919ರಲ್ಲಿ ಬರ್ಲಿನ್ನಿನಲ್ಲಿ ಡಾಕ್ಟರರ ಸಂಶೋಧನಾಲಯವು ತೆರೆಯಿತು. ಮರುವರ್ಷ ಮ್ಯೂನಿಕ್ಕಿನಲ್ಲಿ ಪುಂಡರು ಅವರನ್ನು ಹೊಡೆದು ಕೆಡವಿದರು. ಸತ್ತರೆಂದು ಪತ್ರಿಕೆಗಳು ಪ್ರಕಟಿಸಿದ್ದನ್ನು ಅವರೇ ಓದಿಕೊಂಡರು! 1929ರಲ್ಲಿ ಪಾರ್ಲಿಮೆಂಟಿನ ಉಪಸಮಿತಿಯು 15ಕ್ಕೆ 13 ಮತಗಳಿಂದ ಕಲಮಿನ ವಿರುದ್ಧ ತೀರ್ಮಾನಿಸಿತು. ಗೆಲವು ಕೈಗೆ ಬಂದಂತಿತ್ತು. ಕಾಯಿದೆಯ ತಿದ್ದುಪಡಿ ಮಾತ್ರ ಆಗಲೇ ಇಲ್ಲ.

1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ಸಂಶೋಧನಾಲಯವನ್ನು ಲೂಟಿಮಾಡಿದರು. ನಾಲ್ಕು ದಿನಗಳ ತರುವಾಯ ಅದರ ಗ್ರಂಥಗಳನ್ನು ಬೀದಿಯಲ್ಲಿ ಸುಟ್ಟರು. ದೇಶಭ್ರಷ್ಟರಾದ ಡಾಕ್ಟರರು ಪ್ಯಾರಿಸ್ಸಿನ ಚಿತ್ರಮಂದಿರದಲ್ಲಿ ಕುಳಿತು ಆ ಬೆಂಕಿಯನ್ನು ಕಂಡರು. ವಿದ್ಯೆಯನ್ನು ಸುಡುವುದಕ್ಕೆ ವಿದ್ಯಾರ್ಥಿಗಳೇ ಮುಂದಾದುದು ಆ ಕಾಲದ ಹೇಯ.

1935ರ ಮೇ 14ರಂದು, ತಮ್ಮ 67ನೆಯ ಜನ್ಮದಿನದಂದೇ, ಅವರು ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ತೀರಿಕೊಂಡರು. ಮುಂದಿನ ತಿಂಗಳೇ ನಾಜಿಗಳು ಕಲಮನ್ನು ಇನ್ನಷ್ಟು ಕ್ರೂರಗೊಳಿಸಿದರು. ಅವರ ಆಳ್ವಿಕೆಯಲ್ಲಿ ಸುಮಾರು 50,000 ಮಂದಿ ಶಿಕ್ಷಿತರಾದರು. ಸಾವಿರಾರು ಜನರು ಅಂಗಿಯ ಮೇಲೆ ಗುಲಾಬಿ ಬಣ್ಣದ ತ್ರಿಕೋನವನ್ನು ಧರಿಸಿ ಬಂದೀಶಿಬಿರಗಳನ್ನು ಸೇರಿದರು. ನಾಜಿಗಳು ಅಳಿದರೂ ಪಶ್ಚಿಮ ಜರ್ಮನಿಯು ನಾಜಿಗಳ ಆ ಪಾಠವನ್ನೇ 1969ರವರೆಗೆ ಉಳಿಸಿಕೊಂಡಿತು. ಕಲಮು ಪೂರ್ಣವಾಗಿ ರದ್ದಾದುದು 1994ರಲ್ಲಿ. ಯುದ್ಧಾನಂತರ ಶಿಕ್ಷಿತರಾದವರ ತೀರ್ಪುಗಳನ್ನು 2017ರಲ್ಲಿ ಅಳಿಸಿ, ತಲಾ ತೀರ್ಪಿಗೆ 3,000 ಯೂರೋ ಪರಿಹಾರವನ್ನು ಗೊತ್ತುಪಡಿಸಿದರು. ಅಷ್ಟರಲ್ಲಿ ಅವರಲ್ಲಿ ಬಹುಮಂದಿ ತೀರಿಹೋಗಿದ್ದರು.