ತೋಳೇರಿಸಿದ ಜುಡಿತ್

ಇಟಲಿಯ ಫ್ಲಾರೆನ್ಸ್ ನಗರದ ಉಫೀಜಿ ಕಲಾ ಸಂಗ್ರಹಾಲಯದಲ್ಲಿ ಒಂದು ದೊಡ್ಡ ತೈಲಚಿತ್ರವಿದೆ. ಕತ್ತಲ ಡೇರೆಯೊಳಗೆ ಇಬ್ಬರು ಹೆಂಗಸರು ಒಬ್ಬ ದಾಂಡಿಗನನ್ನು ಹಾಸಿಗೆಗೆ ಅದುಮಿ ಕತ್ತು ಕೊಯ್ಯುತ್ತಿದ್ದಾರೆ. ಬಿಳಿ ಹಾಸಿನ ಮೇಲೆ ರಕ್ತ ಇಳಿಯುತ್ತಿದೆ. ಕಥೆ ಕ್ಯಾಥೊಲಿಕ್ ಬೈಬಲ್‌ನದು. ಸೇನಾಪತಿ ಹೊಲೊಫರ್ನಿಸ್ ಊರಿಗೆ ಮುತ್ತಿಗೆ ಹಾಕಿದಾಗ ಜುಡಿತ್ ಎಂಬ ವಿಧವೆ ಅವನ ಡೇರೆಗೇ ಹೋಗಿ, ಅವನು ಕುಡಿದು ಮಲಗಿದ್ದಾಗ ತಲೆ ಕಡಿದು ತನ್ನ ಜನರನ್ನು ಉಳಿಸುತ್ತಾಳೆ. ಸುಮಾರು 1620ರಲ್ಲಿ ಈ ಚಿತ್ರ ಬರೆದವಳು ಅರ್ತೆಮೀಸಿಯಾ ಜೆಂಟಿಲೆಸ್ಕಿ.

ಅವಳು ಹುಟ್ಟಿದ್ದು 1593ರಲ್ಲಿ, ರೋಮ್‌ನಲ್ಲಿ. ಚಿತ್ರಕಾರನಾಗಿದ್ದ ತಂದೆ ಒರಾಜಿಯೊನ ಬಳಿಯೇ ಕುಂಚ ಹಿಡಿಯಲು ಕಲಿತಳು. 1611ರಲ್ಲಿ, ತಂದೆಯ ಜೊತೆ ಕೆಲಸ ಮಾಡುತ್ತಿದ್ದ ಚಿತ್ರಕಾರ ಅಗೊಸ್ತಿನೊ ತಾಸಿ ಅವಳ ಮೇಲೆ ಅತ್ಯಾಚಾರ ಎಸಗಿದ. ಮರುವರ್ಷ ತಿಂಗಳುಗಟ್ಟಲೆ ವಿಚಾರಣೆ ನಡೆಯಿತು. ಅವಳು ಹೇಳುವುದು ನಿಜವೇ ಎಂದು ಪರೀಕ್ಷಿಸಲು ಬೆರಳುಗಳಿಗೆ ಹುರಿ ಸುತ್ತಿ ಬಿಗಿದರು. ಅವು ಚಿತ್ರ ಬರೆಯುವ ಬೆರಳುಗಳು. ಆದರೂ ಅವಳು ಮಾತು ಬದಲಿಸಲಿಲ್ಲ. ತಾಸಿ ಅಪರಾಧಿ ಎಂದು ತೀರ್ಪಾಯಿತು; ಆದರೆ ಶಿಕ್ಷೆ ಸರಿಯಾಗಿ ಜಾರಿಯಾಗಲಿಲ್ಲ.

ಹಾಗಾಗಿ ಹಲವರಿಗೆ ಈ ಚಿತ್ರ ಸೇಡಿನ ಚಿತ್ರ. ನೋವು ಅದರಲ್ಲಿ ಇಲ್ಲವೆಂದು ನಾನು ಹೇಳಲಾರೆ. ಆದರೆ ಅಷ್ಟಕ್ಕೇ ನಿಲ್ಲಲು ನನ್ನಿಂದಾಗದು. ಏಕೆಂದರೆ 1610ರಲ್ಲೇ, ಆ ಘಟನೆಗೂ ಮುಂಚೆ, ಹದಿನೇಳರ ಹುಡುಗಿ ಸುಸನ್ನಾಳ ಚಿತ್ರ ಬರೆದಿದ್ದಳು. ಅದೂ ಬೈಬಲ್ ಕಥೆಯೇ. ಸ್ನಾನಕ್ಕೆ ಕುಳಿತವಳ ಮೇಲೆ ಇಬ್ಬರು ಹಿರಿಯರು ಗೋಡೆಯಿಂದ ಬಾಗಿದ್ದಾರೆ. ಅವಳು ಅಸಹ್ಯದಿಂದ ಮೈ ತಿರುಚಿ ಕೈ ಅಡ್ಡ ಹಿಡಿದಿದ್ದಾಳೆ. ಆ ನೋಟ, ಆ ಕೈಚಳಕ ಯಾವ ಅಪರಾಧಿಯೂ ಕೊಟ್ಟದ್ದಲ್ಲ.

ಇನ್ನೊಮ್ಮೆ ಜುಡಿತ್‌ಳನ್ನು ನೋಡಿ. ಬೈಬಲ್‌ನಲ್ಲಿ ದಾಸಿ ಹೊರಗೆ ಕಾಯುತ್ತಾಳೆ. ಕಾರವಾಜಿಯೊ ಬರೆದ ಇದೇ ದೃಶ್ಯದಲ್ಲಿ ಆಕೆ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತ ಮುದುಕಿ. ಅರ್ತೆಮೀಸಿಯಾಳ ದಾಸಿ ಯುವತಿ. ಮೈಭಾರವನ್ನೆಲ್ಲ ಹಾಕಿ ಅವನನ್ನು ಒತ್ತಿದ್ದಾಳೆ. ಜುಡಿತ್ ತೋಳೇರಿಸಿ, ಒಂದು ಕೈಯಲ್ಲಿ ಅವನ ಕೂದಲು, ಇನ್ನೊಂದರಲ್ಲಿ ಕತ್ತಿ ಹಿಡಿದಿದ್ದಾಳೆ. ಮುಖದಲ್ಲಿ ನನಗೆ ಕಾಣುವುದು ಕೋಪಕ್ಕಿಂತ ಏಕಾಗ್ರತೆ. ಕಷ್ಟದ ಕೆಲಸವೊಂದನ್ನು ಇಬ್ಬರು ಸೇರಿ ಮುಗಿಸುತ್ತಿರುವಂತಿದೆ.

ಅವಳ ಬದುಕೂ ಹಾಗೆಯೇ ನಡೆಯಿತು. ವಿಚಾರಣೆ ಮುಗಿದ ಮೇಲೆ ಮದುವೆಯಾಗಿ ಫ್ಲಾರೆನ್ಸ್‌ಗೆ ಹೋದಳು. 1616ರಲ್ಲಿ ಅಲ್ಲಿನ ಚಿತ್ರಕಲಾ ಅಕಾಡೆಮಿಗೆ ಸೇರಿದ ಮೊದಲ ಮಹಿಳೆಯಾದಳು. ಈ ಜುಡಿತ್ ಚಿತ್ರದ ಹಣ ಬಾರದಿದ್ದಾಗ ವಿಜ್ಞಾನಿ ಗೆಲಿಲಿಯೊನ ನೆರವಿನಿಂದ ವಸೂಲು ಮಾಡಿಕೊಂಡಳು. ರೋಮ್, ವೆನಿಸ್, ನೇಪಲ್ಸ್, ಲಂಡನ್‌ಗಳಲ್ಲಿ ಕುಂಚದಿಂದಲೇ ದುಡಿದಳು. ಸತ್ತ ಮೇಲೆ ಶತಮಾನಗಳ ಕಾಲ ಲೋಕ ಅವಳನ್ನು ಮರೆತಿತ್ತು. ಅವಳ ಕೆಲವು ಚಿತ್ರಗಳು ಬೇರೆಯವರ ಹೆಸರಿನಲ್ಲಿದ್ದವು. ನೆನಪಾದಾಗ ಮೊದಲು ನೆನಪಾದದ್ದು ಮೊಕದ್ದಮೆ.

ಇದು ನಮಗೆ ಹೊಸದಲ್ಲ. ನನ್ನ ಜೊತೆ ಓದಿದ ಒಬ್ಬಳು ಎಂ.ಎಸ್ಸಿ.ಯಲ್ಲಿ ಪ್ರಥಮ ದರ್ಜೆ ಪಡೆದಳು. ಊರಿನವರಿಗೆ ಮಾತ್ರ ಅವಳು ಮದುವೆ ಮುರಿದುಬಿದ್ದ ಹುಡುಗಿ. ಕೆಲಸ ಹುಡುಕುವಾಗಲೂ ಅವಳನ್ನು ಮೊದಲು ಕೇಳುವುದು ಅದನ್ನೇ. ಅದಕ್ಕೇ ಈಗ ಯಾರಿಗಾದರೂ ಮೊಬೈಲಿನಲ್ಲಿ ಈ ಚಿತ್ರ ತೋರಿಸುವಾಗ ನಾನು ಮೊಕದ್ದಮೆಯಿಂದ ಶುರು ಮಾಡುವುದಿಲ್ಲ. ಮೊದಲು ಆ ಕೈಗಳನ್ನು ನೋಡಿ ಎನ್ನುತ್ತೇನೆ.