ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾಯರು

ಬೆಳಗಾವಿಯ ರವಿವಾರ ಪೇಟೆಗೆ ಕಾಳುಕಡಿಯ ವ್ಯಾಪಾರಕ್ಕೆಂದು ಹೋಗಿಬರುವ ನಿಮ್ಮಲ್ಲಿ ಅನೇಕರು ಅದೇ ಪಟ್ಟಣದ ಕಿರ್ಲೋಸ್ಕರ ರಸ್ತೆಯ ಹೆಸರನ್ನು ಕೇಳಿರುವಿರಿ. ನೀರೆತ್ತುವ ಪಂಪಿನ ಮೇಲೆಯೂ ಆ ಹೆಸರನ್ನು ಓದಿರುವಿರಿ. ಆದರೆ ಆ ಹೆಸರಿನವರು ಮೊದಲು ಚಿತ್ರಗಾರರಾಗಬೇಕೆಂದು ಮನೆಬಿಟ್ಟು ಹೊರಟವರೆಂಬುದನ್ನು ಬಹಳ ಜನರು ಅರಿಯರು. ಆದುದರಿಂದ ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ಇಲ್ಲಿ ಬರೆಯುತ್ತೇವೆ.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರು 1869ನೇ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಮರಾಠಿ ಸಂಗೀತ ನಾಟಕಗಳಿಂದ ಪ್ರಸಿದ್ಧರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು. ವಾಚಕರು ಈ ಇಬ್ಬರನ್ನು ಒಬ್ಬರೆಂದು ತಿಳಿಯಬಾರದು. ಲಕ್ಷ್ಮಣರಾಯರ ತಂದೆಯವರು ವೇದಾಂತ ಬಲ್ಲವರು. ಮಗನಿಗಾದರೋ ಶಾಲೆಯ ಪಾಠಕ್ಕಿಂತ ಚಿತ್ರ ಬರೆಯುವುದೂ ಯಂತ್ರಗಳನ್ನು ನೋಡುವುದೂ ಹೆಚ್ಚು ಪ್ರಿಯವಾಗಿದ್ದವು. ಹೀಗಿರಲಾಗಿ 1885ರಲ್ಲಿ ಅವರು ತಂದೆಯ ಇಷ್ಟಕ್ಕೆ ವಿರೋಧವಾಗಿ, ಹಿರಿಯಣ್ಣನಾದ ರಾಮುಅಣ್ಣನವರ ಬೆಂಬಲದಿಂದ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಅಲ್ಲಿ ಎರಡು ವರ್ಷ ಕಲಿತ ಮೇಲೆ ಒಂದು ಸಂಗತಿ ಹೊರಬಿತ್ತು. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದವು ತಿಳಿಯುತ್ತಿರಲಿಲ್ಲ. ಈ ಕೊರತೆಯು ಸಾಧಾರಣವಾಗಿ ಹುಟ್ಟಿನಿಂದಲೇ ಇರುವಂಥದು, ಗಂಡುಮಕ್ಕಳಲ್ಲಿ ಹೆಚ್ಚು, ಮದ್ದಿನಿಂದಾಗಲಿ ಅಭ್ಯಾಸದಿಂದಾಗಲಿ ಹೋಗುವಂಥದಲ್ಲ. ಈ ಕುಂದು ಚಿತ್ರಗಾರನಿಗೆ ದೊಡ್ಡ ಅಡ್ಡಿಯಾಗುವದು. ತಂದೆಯ ಮಾತನ್ನು ಮೀರಿ ಬಂದ ಹುಡುಗನು ಯಾವ ಮುಖದಿಂದ ಊರಿಗೆ ತಿರುಗಿ ಹೋಗಬೇಕು? ಲಕ್ಷ್ಮಣರಾಯರು ಹೋಗಲಿಲ್ಲ. ಬಣ್ಣ ಬೇಡದ ಚಿತ್ರವೊಂದಿತ್ತು. ಯಂತ್ರಗಳ ಅಂಗಾಂಗಗಳನ್ನು ಗೆರೆಯಿಂದಲೂ ಅಳತೆಯಿಂದಲೂ ಕಾಗದದ ಮೇಲೆ ಬರೆಯುವ ಆ ವಿದ್ಯೆಯನ್ನು ಅವರು ಚೆನ್ನಾಗಿ ಕಲಿತರು. ಅದರ ಬಲದಿಂದ, 1887ರಲ್ಲಿ ಸ್ಥಾಪನೆಯಾದ ಮುಂಬಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್ಸ್ಟಿಟ್ಯೂಟಿನಲ್ಲಿ ಅಧ್ಯಾಪಕರಾದರು. ಅಲ್ಲಿನ ಯಂತ್ರಗಳ ಸಹವಾಸದಿಂದ ಅವರು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚೆಂದು ತೋರುತ್ತದೆ.

ಮುಂಬಯಿಯಲ್ಲಿ ಆಗ ಬೈಸಿಕಲ್ಲು ಹೊಸದು. ಲಕ್ಷ್ಮಣರಾಯರು ಅದನ್ನು ಕಂಡು, ಕೊಂಡು, ಬೆಳಗಾವಿಯಲ್ಲಿದ್ದ ಅಣ್ಣನಿಗೆ ಕಳುಹಿಸತೊಡಗಿದರು. ರಾಮುಅಣ್ಣನವರು ಅವುಗಳನ್ನು ಮಾರುವರು. ಕೊಂಡವರಿಗೆ ಹತ್ತಿ ಓಡಿಸುವುದನ್ನೂ ಕಲಿಸುವರು. ಕಿರ್ಲೋಸ್ಕರ ಸಹೋದರರ ಉದ್ಯಮವು 1888ರ ಈ ಅಂಗಡಿಯಿಂದಲೇ ಆರಂಭವಾಯಿತೆಂದು ಎಣಿಸುತ್ತಾರೆ.

ಕೆಲವು ವರ್ಷಗಳಾದ ಮೇಲೆ ಇನ್ಸ್ಟಿಟ್ಯೂಟಿನಲ್ಲಿ ಮೇಲಿನ ಹುದ್ದೆಯೊಂದು ತೆರವಾಯಿತು. ಅದು ತಮಗೆ ಸಲ್ಲಬೇಕಾದದ್ದೆಂದು ಲಕ್ಷ್ಮಣರಾಯರು ನಂಬಿದ್ದರು. ಅದನ್ನು ಆಂಗ್ಲೋ ಇಂಡಿಯನ್ನರೊಬ್ಬರಿಗೆ ಕೊಟ್ಟರು. ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಬೆಳಗಾವಿಗೆ ಹಿಂದಿರುಗಿದರು. ತಿಂಗಳ ಸಂಬಳವನ್ನು ಬಿಟ್ಟು ಅಂಗಡಿಯನ್ನು ನೆಚ್ಚಿಕೊಳ್ಳುವದು ಹುಡುಗಾಟವೆಂದು ಹೇಳುವ ಬಂಧುಗಳು ಆ ಕಾಲದಲ್ಲಿಯೂ ಕಡಿಮೆಯಿದ್ದಿರಲಾರರು.

ಬೆಳಗಾವಿಯಲ್ಲಿ ಅವರು ಮೊದಲು ಮೇವು ಕತ್ತರಿಸುವ ಯಂತ್ರವನ್ನು ಮಾಡಿದರು. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ತುಳಿದುಬಿಡುತ್ತವೆಂಬುದು ನಿಮಗೆ ತಿಳಿದೇ ಇದೆ. ಆಮೇಲೆ 1903ರಲ್ಲಿ ಕಬ್ಬಿಣದ ನೇಗಿಲಿಗೆ ಕೈಹಾಕಿದರು. ಇಲ್ಲಿ ನಾವು ಸ್ವಲ್ಪ ನಿಂತು ಹೇಳಬೇಕಾಗಿದೆ.

ನಮ್ಮ ಮರದ ನೇಗಿಲು ನೆಲವನ್ನು ಸೀಳುತ್ತದೆ, ಮಗುಚುವದಿಲ್ಲ. ಬಾಗಿದ ರೆಕ್ಕೆಯುಳ್ಳ ಕಬ್ಬಿಣದ ನೇಗಿಲಾದರೋ ಹೆಂಟೆಯನ್ನು ಎತ್ತಿ ತಲೆಕೆಳಗೆ ಮಾಡುತ್ತದೆ. ಕರಿಕೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ. ಲಾಭವು ಕಣ್ಣಿಗೆ ಕಾಣುವಂಥದು. ಆದಾಗ್ಯೂ ಮೊದಲನೆಯ ನೇಗಿಲು ಮಾರಾಟವಾಗಲಿಕ್ಕೆ ಎರಡು ವರ್ಷ ಹಿಡಿಯಿತು. ಯಾಕಂದರೆ ಕಬ್ಬಿಣವು ಭೂಮಿಗೆ ವಿಷವಾಗುವದೆಂದು ಒಕ್ಕಲಿಗರು ಭಯಪಟ್ಟರು. ಇದನ್ನು ಓದಿ ಕೆಲವರು ನಗುವರು. ಮರದ ನೇಗಿಲಿನ ತುದಿಗೆ ಇದ್ದ ಕುಳವು ಕಬ್ಬಿಣದ್ದೇ ಅಲ್ಲವೇ ಎಂದು ಕೇಳುವರು. ನಾವು ನಗಲಾರೆವು. ಇದ್ದ ನಾಲ್ಕು ಕೂರಿಗೆ ಹೊಲವನ್ನು ಹೊಸ ವಸ್ತುವಿನ ಪರೀಕ್ಷೆಗೆ ಕೊಟ್ಟವನು, ಆ ವರ್ಷ ಬೆಳೆ ಕೆಟ್ಟರೆ ಮಕ್ಕಳಿಗೆ ಏನನ್ನು ಉಣಿಸಬೇಕು? ಇದಲ್ಲದೆ ಮರದ ನೇಗಿಲು ಮುರಿದರೆ ಊರ ಬಡಿಗನು ವರುಷದ ಆಯಕ್ಕೆ ಸರಿಮಾಡಿಕೊಡುವನು. ಕಬ್ಬಿಣದ್ದು ಮುರಿದರೆ ರೊಕ್ಕ ಬೇಕು, ಪಟ್ಟಣಕ್ಕೆ ಹೋಗಬೇಕು, ಆಳವಾಗಿ ಎಳೆಯಲಿಕ್ಕೆ ಹೆಚ್ಚು ಎತ್ತುಗಳೂ ಬೇಕು. ಒಕ್ಕಲಿಗನ ಭಯಕ್ಕೆ ಕಾರಣಗಳಿದ್ದವು. ಅವನು ಅವುಗಳನ್ನೆಲ್ಲ ವಿಷವೆಂಬ ಒಂದೇ ಮಾತಿನಲ್ಲಿ ಹೇಳಿದನೆಂದು ನಮ್ಮ ಎಣಿಕೆ. ಲಕ್ಷ್ಮಣರಾಯರು ನೇಗಿಲು ಮಾಡುವುದನ್ನು ಬಿಡಲಿಲ್ಲ. ಕೊಂಡವರ ಹೊಲದ ನೇಗಿಲಸಾಲನ್ನು ನೆರೆಯವರು ಕಂಡ ಮೇಲೆ ನಿಧಾನವಾಗಿ ಬೇಡಿಕೆ ಹುಟ್ಟಿತು.

ಬೇಡಿಕೆ ಹುಟ್ಟಿದ ಹೊತ್ತಿಗೆ ನೆಲವೇ ಹೋಯಿತು. ಪಟ್ಟಣವನ್ನು ವಿಸ್ತರಿಸುವ ನಿಮಿತ್ತ ಸ್ಥಳವನ್ನು ತೆರವುಮಾಡಬೇಕೆಂದು ಬೆಳಗಾವಿಯ ಮುನಿಸಿಪಾಲಿಟಿಯವರು ನೋಟೀಸು ಕೊಟ್ಟರು. ಬಣ್ಣ ತಿಳಿಯದ ಕಣ್ಣು ದೇಹದ ಕುಂದು, ತಪ್ಪಿದ ಹುದ್ದೆ ಒಬ್ಬನ ನಷ್ಟ. ಇದಾದರೋ ಕೂಲಿಗಾರರ ಮನೆಗಳಿಗೂ ತಟ್ಟುವ ಪೆಟ್ಟು. ಆಗ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿಯವರು ಅವರನ್ನು ಕರೆದು, ಕುಂಡಲ ರೋಡ್ ಎಂಬ ರೈಲ್ವೇ ಸ್ಟೇಶನ್ನಿನ ಹತ್ತಿರ 32 ಎಕರೆ ಭೂಮಿಯನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. ಅರಸರೂ ಸ್ವತಃ ಚಿತ್ರಗಾರರು. ಚಿತ್ರಕಲೆಯನ್ನು ಬಿಡಬೇಕಾಗಿ ಬಂದವರಿಗೆ ಒಬ್ಬ ಚಿತ್ರಗಾರನಿಂದಲೇ ನೆಲ ದೊರೆತದ್ದು ನಮಗೆ ಸೋಜಿಗವಾಗಿ ತೋರುತ್ತದೆ.

ಆ ಭೂಮಿಯು ಪಾಪಾಸುಕಳ್ಳಿ ಬೆಳೆದು ನಾಗರಹಾವುಗಳು ತುಂಬಿದ ಬಂಜರಾಗಿತ್ತು. 1910ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಕಿರ್ಲೋಸ್ಕರವಾಡಿಯು ಆರಂಭವಾಯಿತು. ಬೆಳಗಾವಿಯಿಂದ ಇಪ್ಪತ್ತೈದು ಮಂದಿ ಕೆಲಸಗಾರರು ಕುಟುಂಬ ಸಮೇತ ಬಂದರು. ರಾಮುಅಣ್ಣನವರು ಊರು ಕಟ್ಟುವ ಕೆಲಸವನ್ನು ವಹಿಸಿಕೊಂಡರು. ಶಾಲೆಯನ್ನು ಅರ್ಧಕ್ಕೆ ಬಿಟ್ಟಿದ್ದ ಅನಂತರಾವ್ ಫಳಣೀಕರರು ಅಲ್ಲಿ ನಿಪುಣರಾದ ಯಂತ್ರಕಾರರಾದರು. ಹಿಂದೆ ದರೋಡೆಗಾಗಿ ಶಿಕ್ಷೆಯಾಗಿದ್ದವರನ್ನು ಲಕ್ಷ್ಮಣರಾಯರು ಕಾವಲಿಗೆ ಇಟ್ಟರು, ಮತ್ತು ಅವರು ನಂಬಿಗಸ್ತರಾಗಿ ಕಾದರು. ತಮ್ಮನ್ನು ಹಲವರು ಬೇಡವೆಂದಿದ್ದ ದಿನಗಳನ್ನು ಅವರು ಮರೆತಿರಲಿಲ್ಲವೆಂದು ಕಾಣುತ್ತದೆ.

1914ರಲ್ಲಿ ಮೊದಲನೆಯ ಮಹಾಯುದ್ಧವು ಹುಟ್ಟಿದಾಗ ಪರದೇಶದ ನೇಗಿಲುಗಳು ಬರುವದು ನಿಂತು ಇವರದಕ್ಕೆ ಗಿರಾಕಿ ಹೆಚ್ಚಾಯಿತು. ಆದರೆ ಕಬ್ಬಿಣ ಸಿಕ್ಕದು. ಆಗ ಕೊಲ್ಲಾಪುರದ ಶಾಹೂ ಮಹಾರಾಜರು ಹಳೆಯ ತೋಪುಗಳನ್ನು ಕರಗಿಸಲಿಕ್ಕೆ ಕೊಟ್ಟರು. ತೋಪು ಕರಗಿ ನೇಗಿಲಾದುದನ್ನು ಓದುವಾಗ ನಿಮಗೆ ಯಾವ ವಾಕ್ಯವು ನೆನಪಾಗುವದೆಂದು ನಾವು ಬರೆಯಬೇಕಾದದ್ದಿಲ್ಲ.

ಮುಂದೆ ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರ, ಪಂಪು ಇವೆಲ್ಲ ಅಲ್ಲಿ ತಯಾರಾದವು. 1941ರಲ್ಲಿ ನಮ್ಮ ಹರಿಹರದಲ್ಲಿಯೂ, 1946ರಲ್ಲಿ ಬೆಂಗಳೂರಿನಲ್ಲಿಯೂ ಕಿರ್ಲೋಸ್ಕರರ ಕಾರ್ಖಾನೆಗಳು ಹುಟ್ಟಿದವು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತಮ್ಮ ಎಂಭತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. 1969ರಲ್ಲಿ ಸರಕಾರವು ಅವರ ಹೆಸರಿನಲ್ಲಿ ಅಂಚೆಚೀಟಿಯನ್ನು ಹೊರಡಿಸಿತು. ಕುಂಡಲ ರೋಡ್ ಸ್ಟೇಶನ್ನಿನ ಹಲಗೆಯ ಮೇಲೆ ಈಗ ಕಿರ್ಲೋಸ್ಕರವಾಡಿ ಎಂಬ ಹೆಸರಿದೆ. ಮಿರಜದಿಂದ ಪುಣೆಗೆ ರೈಲಿನಲ್ಲಿ ಹೋಗುವವರು ಅದನ್ನು ನೋಡಬಹುದು.