ಮಹಮೂದ ಗವಾನ: ಬಂದರುಗಳನ್ನು ಕಾಯ್ದ ಪರದೇಶಿ

ಬಹಮನೀ ಸುಲ್ತಾನರ ರಾಜಧಾನಿಯಾಗಿದ್ದ ಬೀದರವು ಕಡಲಿನಿಂದ ಬಹುದೂರ. ಆದರೂ ಆ ರಾಜ್ಯದ ಉಸಿರು ಪಶ್ಚಿಮ ಸಮುದ್ರದ ಬಂದರುಗಳಲ್ಲಿದ್ದಿತು. ದಾಭೋಳ, ಚೌಲಗಳಲ್ಲಿ ಅರಬಸ್ತಾನದ ಕುದುರೆಗಳು ಇಳಿಯದಿದ್ದರೆ ಸುಲ್ತಾನನ ಸೈನ್ಯವು ನಡೆಯುವಂತಿರಲಿಲ್ಲ. ಆ ಬಂದರುಗಳ ಭದ್ರತೆಯನ್ನು ಹೊತ್ತವನು ಪರದೇಶದ ವರ್ತಕನೊಬ್ಬನು. ಭಾಲ್ಕಿ, ಔರಾದಗಳಿಂದ ಕಚೇರಿಯ ಕೆಲಸಕ್ಕೆಂದು ಬೀದರಕ್ಕೆ ಬಂದು, ಅವನು ಕಟ್ಟಿಸಿದ ಮದರಸದ ಮುಂದೆ ಹಾದುಹೋಗುವ ನಮ್ಮವರಲ್ಲಿ ಇದನ್ನು ನೆನೆಯುವವರು ವಿರಳ.

ಮಹಮೂದ ಗವಾನನು ಇರಾನಿನ ಗೀಲಾನ ಪ್ರಾಂತದವನು. 1453ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ವ್ಯಾಪಾರಕ್ಕಾಗಿಯೂ ಸಾಧುಸಂತರ ದರ್ಶನಕ್ಕಾಗಿಯೂ ದಾಭೋಳದಲ್ಲಿ ಇಳಿದು ಬೀದರವನ್ನು ಸೇರಿದನು. ಎರಡನೆಯ ಅಲಾವುದ್ದೀನ ಅಹಮದನು ಅವನ ಯೋಗ್ಯತೆಯನ್ನು ಕಂಡು ಆಸ್ಥಾನದಲ್ಲಿ ಉಳಿಸಿಕೊಂಡನು. ಹುಮಾಯೂನನ ಕಾಲದಲ್ಲಿ ಅವನಿಗೆ ವರ್ತಕರ ಒಡೆಯನೆಂಬ ಅರ್ಥದ ಮಲಿಕ್-ಉತ್-ತುಜ್ಜಾರ್ ಬಿರುದು ದೊರೆಯಿತು. ಬಾಲಕ ನಿಜಾಮ ಶಹನು ಪಟ್ಟಕ್ಕೆ ಬಂದಾಗ ರಾಜಮಾತೆಯೊಡನೆ ರಾಜ್ಯಭಾರದ ಮಂಡಲಿಯಲ್ಲಿ ಕುಳಿತನು. 1466ರಲ್ಲಿ ಮೂರನೆಯ ಮಹಮ್ಮದನ ಪ್ರಧಾನಿಯಾದನು.

ಆಗ ಖೇಳಣಾ, ಸಂಗಮೇಶ್ವರಗಳ ಪಾಳೆಯಗಾರರ ನಾವೆಗಳು ವರ್ತಕರನ್ನೂ ಯಾತ್ರಿಕರನ್ನೂ ಕಡಲಿನಲ್ಲಿ ಸುಲಿಯುತ್ತಿದ್ದವು. 1469ರಲ್ಲಿ ಗವಾನನು ತಾನೇ ದಂಡೆತ್ತಿ ಹೊರಟನು. ಕೊಂಕಣದ ಕಾಡು, ಕಣಿವೆ, ಮಳೆಗಳೊಡನೆ ಹೋರಾಡಿ ಆ ಕೋಟೆಗಳನ್ನು ಹಿಡಿದು, 1472ರ ಫೆಬ್ರವರಿ 1ರಂದು ವಿಜಯನಗರದ ವಶದಲ್ಲಿದ್ದ ಗೋವೆಯನ್ನು ಗೆದ್ದನು. ವಿಜಯನಗರಕ್ಕೆ ಕುದುರೆಗಳು ಬರುತ್ತಿದ್ದ ದೊಡ್ಡ ಬಾಗಿಲೊಂದು ಇದರಿಂದ ಮುಚ್ಚಿತು. ಅದೇ ವರುಷ ಬೀದರದಲ್ಲಿ ಮೂರು ಅಂತಸ್ತಿನ, ಬಣ್ಣದ ಹೆಂಚುಗಳ ಮದರಸವು ಎದ್ದು ನಿಂತಿತು. 1696ರ ಮದ್ದಿನ ಸ್ಫೋಟದಲ್ಲಿ ಅದರ ಒಂದು ಪಾರ್ಶ್ವವು ಹಾರಿಹೋದರೂ ಉಳಿದ ಭಾಗವು ಇಂದಿಗೂ ಅವನ ವಿದ್ಯಾಪ್ರೇಮವನ್ನು ಸಾರುತ್ತಿದೆ.

ಯಾರನ್ನೇ ಆಗಲಿ ಅತಿಯಾಗಿ ನಂಬಬಾರದೆಂಬುದನ್ನು ಗವಾನನು ಬಲ್ಲನು. ರಾಜ್ಯದ ನಾಲ್ಕು ಪ್ರಾಂತಗಳನ್ನು ಎಂಟಾಗಿ ಒಡೆದು, ಪ್ರತಿಯೊಬ್ಬ ಪ್ರಾಂತಾಧಿಕಾರಿಗೆ ಒಂದೇ ಕೋಟೆಯನ್ನು ಬಿಟ್ಟು, ಉಳಿದವನ್ನು ಸುಲ್ತಾನನೇ ನೇಮಿಸುವ ಕಿಲ್ಲೇದಾರರಿಗೆ ಒಪ್ಪಿಸಿದನು. ನಾಡಿನವರಾದ ದಖನಿಗಳಿಗೂ ಹೊರಗಿನವರಾದ ಅಫಾಖಿಗಳಿಗೂ ಅಧಿಕಾರವನ್ನು ಹಂಚಿದನು. ಅಧಿಕಾರವನ್ನು ಕಳೆದುಕೊಂಡವರ ಹಗೆ ಬೆಳೆಯಿತು. ಅವನ ಮುದ್ರೆಯನ್ನು ಕಾಯುತ್ತಿದ್ದ ಗುಲಾಮನಿಂದ ಬರಿಯ ಕಾಗದಕ್ಕೆ ಮುದ್ರೆ ಒತ್ತಿಸಿ, ಒರಿಸ್ಸದ ದೊರೆಯನ್ನು ದಂಡೆತ್ತಿ ಬರಲು ಕರೆದಂತೆ ಓಲೆಯೊಂದನ್ನು ಬರೆದರು. ಮುದ್ರೆ ತನ್ನದು, ಬರಹ ತನ್ನದಲ್ಲವೆಂದು ಗವಾನನು ಹೇಳಿದರೂ ಸುಲ್ತಾನನು ವಿಚಾರಿಸಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಪಾಳೆಯದಲ್ಲಿ ಮುದುಕನ ತಲೆ ಉರುಳಿತು. ಅವನ ಭಂಡಾರವನ್ನು ಶೋಧಿಸಿದಾಗ ಹೇಳಿಕೊಳ್ಳುವಂಥ ಸಂಪತ್ತು ದೊರೆಯಲಿಲ್ಲವೆಂದು ಇತಿಹಾಸಕಾರರು ಬರೆದಿದ್ದಾರೆ. ಮರುವರುಷವೇ ಸುಲ್ತಾನನೂ ತೀರಿಕೊಂಡನು. ರಾಜ್ಯವು ಕ್ರಮೇಣ ಐದು ಹೋಳಾಯಿತು.

ಪರದೇಶದವರಿಗೆ ಬಂದರನ್ನು ಒಪ್ಪಿಸಬಹುದೆ ಎಂಬ ಪ್ರಶ್ನೆ ಮುಗಿದುದಲ್ಲ. 2006ರಲ್ಲಿ ದುಬೈ ಸರಕಾರದ ಕಂಪನಿಯೊಂದು ಅಮೆರಿಕದ ಕೆಲವು ಬಂದರುಕಟ್ಟೆಗಳನ್ನು ನಡೆಸಲು ಮುಂದಾದಾಗ ಅಲ್ಲಿನ ಶಾಸನಸಭೆಯಲ್ಲಿ ಗದ್ದಲವೆದ್ದು, ಕಂಪನಿ ಹಿಂದೆಗೆಯಿತು. ಅದೇ ವರುಷ ಅದೇ ಕಂಪನಿಗೆ ಚೌಲದ ಬಡಗಣ ನ್ಹಾವಾ ಶೇವಾದಲ್ಲಿ ಒಂದು ಕಂಟೇನರ್ ಕಟ್ಟೆಯ ಆಡಳಿತ ದೊರೆಯಿತು. ಇಂಥ ಸಂದೇಹವು ತಪ್ಪೆಂದು ನಾನು ಹೇಳಲಾರೆ. ಬಂದರು ಮನೆಯ ಹೆಬ್ಬಾಗಿಲು, ಕಾವಲುಗಾರನನ್ನು ವಿಚಾರಿಸುವುದು ಮನೆಯವರ ಧರ್ಮ. ಆದರೆ ಅವನು ಎಲ್ಲಿ ಹುಟ್ಟಿದನೆಂಬುದಕ್ಕಿಂತ ಯಾರಿಗೆ ಉತ್ತರ ಕೊಡಬೇಕಾದವನೆಂಬುದು ಮುಖ್ಯವೆಂದು ನನಗೆ ತೋರುತ್ತದೆ. ಗವಾನನು ಬೀದರದ ಗದ್ದುಗೆಗೆ ಉತ್ತರ ಕೊಡಬೇಕಾಗಿದ್ದಿತು, ಕೊಟ್ಟನು. 1510ರಲ್ಲಿ ಅದೇ ಗೋವೆಯನ್ನು ಹಿಡಿದ ಪೋರ್ಚುಗೀಸರು ಲಿಸ್ಬನ್ನಿನ ಗದ್ದುಗೆಗೆ ಮಾತ್ರ ಉತ್ತರ ಕೊಡುವವರಾಗಿದ್ದರು. ಅವರನ್ನು ಬಿಡಿಸಲು 1961ರವರೆಗೆ ಕಾಯಬೇಕಾಯಿತು.